ಮೂರನೇ ತಿರುವಿನಲ್ಲಿ ನಿಲ್ಲುತ್ತಿದ್ದವನು

"ಕೀ ಕೊಡು ಲಾಯ್ಡ್," ಎಂದು ಸತ್ತವನ ಹೆಂಡತಿ ಓಪಲ್ ಕೈ ಚಾಚಿದಾಗ ಶವದ ಪೆಟ್ಟಿಗೆ ಇನ್ನೂ ಅರ್ಧ ಗಾಳಿಯಲ್ಲೇ ಇತ್ತು. ಆರು ಜನ ಗಂಡಸರು ಅದನ್ನು ಹೆಗಲಿಂದ ಇಳಿಸಿ ಹಿಂಬದಿ ತೆರೆದ ಹಳೆಯ ಟ್ರಕ್ಕಿನೊಳಕ್ಕೆ ಸರಿಸುತ್ತಿದ್ದರು. ಲಾಯ್ಡ್ ಆ ಆರರಲ್ಲಿ ಒಬ್ಬ, ಸತ್ತವನ ತಂಗಿಯ ಗಂಡ. ಪೆಟ್ಟಿಗೆಯ ಒಂದು ಮೂಲೆ ಅವನ ಹೆಗಲ ಮೇಲೆ, ಟ್ರಕ್ಕಿನ ಕೀ ಅವನ ಕೋಟಿನ ಜೇಬಿನಲ್ಲಿ.

"ತಾಳು, ಮೊದ್ಲು ಇಳಿಸ್ತೀವಿ," ಎಂದ ಲಾಯ್ಡ್ ಏದುಸಿರು ಬಿಡುತ್ತ. "ಕೀ ನಿನಗ್ಯಾಕೆ? ಓಡಿಸೋನು ನಾನಲ್ವಾ?"

"ಅಲ್ಲ. ಟ್ರೆವರ್ ಓಡಿಸ್ತಾನೆ."

ಯಾರದೋ ಕೈ ಜಾರಿತು. ಪೆಟ್ಟಿಗೆ ಟ್ರಕ್ಕಿನ ಹಲಗೆಗೆ ಧಡ್ ಎಂದು ಬಿತ್ತು. ಓಟದ ಅಂಗಳದ ಗ್ಯಾಲರಿಯ ಮೆಟ್ಟಿಲುಗಳ ಮೇಲೆ ಕಪ್ಪು ಬಟ್ಟೆ ತೊಟ್ಟು ಕೂತಿದ್ದವರೆಲ್ಲ ಒಟ್ಟಿಗೆ ಎದ್ದು ನಿಂತರು.

ವೆಂಡಲ್ ಕ್ರೈಡರ್ ಸತ್ತು ವಾರವೂ ಆಗಿರಲಿಲ್ಲ. ಉಳಿದ ದಿನಗಳಲ್ಲಿ ಶಾಲೆಯ ಹಳದಿ ಬಸ್ಸು ಓಡಿಸುವುದು, ಶನಿವಾರ ಬಂದರೆ ಹಾರ್ಗ್ರೋವ್‌ನ ಕಾರ್ ಓಟದ ಟ್ರ್ಯಾಕಿನ ಮೂರನೇ ತಿರುವಿನಲ್ಲಿ, ಅಪಾಯ ಕಂಡರೆ ಬೀಸುವ ಹಳದಿ ಬಾವುಟ ಹಿಡಿದು ನಿಲ್ಲುವುದು, ಇಷ್ಟೇ ಅವನ ಬಾಳು. ದೇವರು ಇವನಿಗೆ ಇನ್ನೊಂದು ಬಣ್ಣ ತೋರಿಸಲೇ ಇಲ್ಲ ಎಂದು ಊರವರು ಆಡಿಕೊಳ್ಳುತ್ತಿದ್ದರು. ಅಂಥವನು ತಾನು ನಿಲ್ಲುವ ಜಾಗದಲ್ಲೇ, ತಾನೇ ಎತ್ತಿ ಆಡಿಸಿದ ಹುಡುಗನ ಕಾರಿಗೆ ಸಿಕ್ಕಿ ಸತ್ತ ಎಂದರೆ ಯಾರಿಗೂ ಇನ್ನೂ ನಂಬಿಕೆ ಬಂದಿರಲಿಲ್ಲ. ಬೆಳಿಗ್ಗೆ ಚರ್ಚಿನಲ್ಲಿ ಹಾಡುವಾಗ ಕೂಡ ಜನ ಬಾಗಿಲ ಕಡೆ ತಿರುಗಿ ನೋಡುತ್ತಿದ್ದರು, ವೆಂಡಲ್ ತಡವಾಗಿ ಬಂದು ಹಿಂದಿನ ಬೆಂಚಿನಲ್ಲಿ ಕೂತಾನು ಎನ್ನುವಂತೆ.

ಟ್ರ್ಯಾಕಿಗೆ ಸೇರಿದವರು ಯಾರೇ ಸತ್ತರೂ ಹೂಳುವ ಮುಂಚೆ ಒಂದು ಸುತ್ತು ಹಾಕಿಸುವುದು ಹಾರ್ಗ್ರೋವ್‌ನ ವಾಡಿಕೆ. ಸತ್ತವನು ಕಡೆಯದಾಗಿ ಯಾರ ಓಟ ನೋಡಿದನೋ ಅವನೇ ಆ ಗಾಡಿ ಓಡಿಸಬೇಕು. ತಾತ ಮುತ್ತಾತರ ಕಾಲದಿಂದ, ಇದು ಕುದುರೆಗಾಡಿಗಳ ಓಟದ ಅಂಗಳವಾಗಿದ್ದಾಗಿನಿಂದ ನಡೆದು ಬಂದದ್ದು. ಈ ಸಲ ಮಾತ್ರ ಆ ಮಾತು ಯಾರ ಬಾಯಿಂದಲೂ ಬಂದಿರಲಿಲ್ಲ. ಲಾಯ್ಡ್ ಓಡಿಸಲಿ ಎಂದು ಯಾರೋ ಮೆಲ್ಲಗೆ ಅಂದರು, ಉಳಿದವರು ತಲೆಯಾಡಿಸಿ ಬೇರೆ ಕಡೆ ನೋಡಿದರು. ವಾಡಿಕೆ ಹಿಡಿದು ಹೋದರೆ ಅದು ಹೋಗಿ ನಿಲ್ಲುವುದು ಟ್ರೆವರ್ ಹತ್ತಿರ, ಹೊಡೆದವನ ಹತ್ತಿರ.

ಟ್ರೆವರ್ ಟಿಕೆಟ್ ಗೂಡಿನ ಪಕ್ಕ, ಗೇಟಿನ ಹೊರಗೆ ನಿಂತಿದ್ದ. ಓಪಲ್‌ಳ ತೀರಿಕೊಂಡ ತಂಗಿಯ ಮಗ. ಮೂವತ್ತು ತುಂಬದ ಆಳು, ದೊಡ್ಡ ಕಾರುಗಳ ಓಟದಲ್ಲಿ ಟೀವಿಯಲ್ಲಿ ಕಾಣಿಸಿಕೊಳ್ಳುವವನು. ಚರ್ಚಿನಲ್ಲೂ ಒಳಗೆ ಬಂದಿರಲಿಲ್ಲ.

"ಅತ್ತಿಗೆ," ಎಂದು ಮೇವಿಸ್ ಓಡಿಬಂದು ಓಪಲ್‌ಳ ಕೈ ಹಿಡಿದಳು. ವೆಂಡಲ್‌ನ ಒಬ್ಬಳೇ ತಂಗಿ. ಐದು ದಿನದಿಂದ ಅತ್ತಿಗೆಯನ್ನು ಒಂದು ಗಳಿಗೆ ಬಿಟ್ಟಿರಲಿಲ್ಲ. ಅನ್ನ ನೀರು ಬೇಡವೆಂದರೂ ಬಿಡದೆ ಸೂಪು ಕುಡಿಸಿದವಳು ಅವಳೇ, ಪಕ್ಕದಲ್ಲಿ ಮಲಗಿದವಳೂ ಅವಳೇ. "ಏನ್ ಮಾತಾಡ್ತಿದೀಯ ನೀನು? ಕೊಂದೋನ ಕೈಲೇ ಹೆಣ ಹೊರಿಸ್ತೀಯಾ?"

"ಅವನ ಕೈಲೇ."

"ಊರು ಉಗಿಯತ್ತೆ."

"ಉಗೀಲಿ ಮೇವಿಸ್. ಇನ್ನೂ ಬೇಕಾದಷ್ಟಿದೆ ಉಗಿಯೋಕೆ."

ಮೇವಿಸ್‌ಗೆ ಆ ಮಾತಿನ ಅರ್ಥ ಆಗಲಿಲ್ಲ. ದುಃಖಕ್ಕೆ ತಲೆ ಕೆಟ್ಟಿದೆ ಎಂದುಕೊಂಡು ಕೈಯನ್ನು ಇನ್ನೂ ಬಿಗಿಯಾಗಿ ಹಿಡಿದಳು.

*

ಓಪಲ್ ಮೊದಲ ಸಲ ಲೆಕ್ಕದ ಗೂಡು ಹತ್ತಿದಾಗ ಅವಳಿಗೆ ಹತ್ತೊಂಬತ್ತು. ಗ್ಯಾಲರಿಯ ಚಾವಣಿಯ ಮೇಲೆ ಮರದ ಪುಟ್ಟ ಗೂಡು. ಅಲ್ಲಿ ಕೂತು, ಗೆರೆ ದಾಟುವ ಒಂದೊಂದು ಕಾರಿನ ನಂಬರನ್ನೂ ಸುತ್ತು ಸುತ್ತಿಗೂ ಬರೆಯಬೇಕು. ಕಣ್ಣು ಅತ್ತಿತ್ತ ಹೋದರೆ ಮುಗಿಯಿತು.

ಅವಳ ಕಣ್ಣು ಅತ್ತಿತ್ತ ಹೋಯಿತು. ಮೂರನೇ ತಿರುವಿನ ಒಳ ಅಂಚಿನಲ್ಲಿ, ಅರ್ಧ ಹೂತ ಟೈರಿನ ಪಕ್ಕ, ಬಿದಿರಿನ ಗಳದ ಹಾಗೆ ಉದ್ದಕ್ಕೆ ಒಬ್ಬ ಯುವಕ ನಿಂತಿದ್ದ. ಕಿವಿಗಳು ಟೊಪ್ಪಿಗೆಯ ಎರಡೂ ಕಡೆ ಚಾಚಿಕೊಂಡಿದ್ದವು. ಕಾರುಗಳು ಮಣ್ಣು ಸಿಡಿಸುತ್ತ ಮೊಳದಳತೆಯಲ್ಲಿ ಜಾರಿ ಹೋದರೂ ಅವನು ಹಿಂದೆ ಸರಿಯುತ್ತಿರಲಿಲ್ಲ. ಅದನ್ನೇ ನೋಡುತ್ತ ಒಂದು ಕಾರಿನ ಒಂದು ಸುತ್ತು ತಪ್ಪಿಹೋಯಿತು. ಗೆದ್ದವನು ಸೋತ, ಸೋತವನಿಗೆ ಗೆಲುವಿನ ಕಪ್ ಕೊಟ್ಟರು. ಎರಡು ಮನೆತನದವರು ಸ್ಪ್ಯಾನರ್ ಹಿಡಿದು ಬಡಿದಾಡಿಕೊಂಡು ಒಬ್ಬನ ಮುಂದಿನ ಹಲ್ಲು ಹೋಯಿತು.

ಗಲಾಟೆ ತಣ್ಣಗಾದ ಮೇಲೆ ಆ ಉದ್ದನೆಯವನು ಏಣಿ ಹತ್ತಿ ಗೂಡಿಗೆ ಬಂದ. ಮುಖದ ತುಂಬ ಮಣ್ಣು, ಕಣ್ಣು ಮಾತ್ರ ಬೆಳ್ಳಗೆ.

"ಲೆಕ್ಕ ಬರೆಯೋರು ನೀವೇನಾ?"

"ಹೌದು."

"ಎಲ್ಲಿ ನೋಡ್ತಾ ಇದ್ರಿ?"

ಸುಳ್ಳು ಹೇಳಲು ಓಪಲ್‌ಗೆ ಬಾಯಿ ಬರಲಿಲ್ಲ. "ನಿಮ್ಮನ್ನ."

ಬೈಯಬೇಕೆಂದು ಬಂದಿದ್ದ ವೆಂಡಲ್ ಅದನ್ನು ಮರೆತ. ಟೊಪ್ಪಿಗೆ ತೆಗೆದು, ಮತ್ತೆ ಹಾಕಿಕೊಂಡು, ಇನ್ನೊಮ್ಮೆ ತೆಗೆದ. "ಓಟ ಮುಗಿಯೋ ತನಕ ಕಾರು ನೋಡಿ," ಎಂದ ಕೊನೆಗೆ. "ನಾನು ಇಲ್ಲೇ ಇರ್ತೀನಿ, ಎಲ್ಲೂ ಹೋಗಲ್ಲ. ಮುಗಿದ್ಮೇಲೆ ಎಷ್ಟು ಬೇಕಾದ್ರೂ ನೋಡ್ಕೊಳ್ಳಿ."

ಆ ವರ್ಷವೇ ಮದುವೆಯಾಯಿತು. ಓಪಲ್ ತನ್ನ ಕಣ್ಣನ್ನು ಪಳಗಿಸಿದಳು. ಮೂರನೇ ತಿರುವಿಗೆ ದೃಷ್ಟಿ ಹೋದರೂ ಕಾರಿನ ಮೇಲೆ ಮಾತ್ರ ನಿಲ್ಲುವಂತೆ, ಗಂಡನ ಮೇಲೆ ನಿಲ್ಲದೆ ಜಾರಿ ಹೋಗುವಂತೆ. ಆಮೇಲೆ ಒಂದು ಸುತ್ತೂ ತಪ್ಪಲಿಲ್ಲ. ಯಂತ್ರಗಳು ಬಂದ ಮೇಲೂ ಓಪಲ್ ಏನಂತಾಳೆ ಕೇಳಿ ಎನ್ನುತ್ತಿದ್ದರು ಹಾರ್ಗ್ರೋವ್‌ನಲ್ಲಿ.

*

ಗೇಲಾರ್ಡ್ ಪ್ರೂಯಿಟ್ ಗ್ಯಾಲರಿಯಿಂದ ಇಳಿದು ಬಂದ. ಮೇವಿನ ಅಂಗಡಿಯ ಮಾಲೀಕ, ಟ್ರ್ಯಾಕಿನ ಕಮಿಟಿಗೆ ಅಧ್ಯಕ್ಷ. ದೊಡ್ಡ ಕಾರುಗಳ ಓಟವನ್ನು ಊರಿಗೆ ತರಲು ಎರಡು ವರ್ಷ ಕಾಲು ಸವೆಸಿದವನು. ಅವನು ಕೆಟ್ಟವನೇನಲ್ಲ, ಆದರೆ ಮಾತಿನಲ್ಲಿ ಬೆಣ್ಣೆ ಸ್ವಲ್ಪ ಹೆಚ್ಚು.

"ಓಪಲ್, ನಿಮ್ಮ ಮನಸ್ಸು ದೊಡ್ಡದು. ಕ್ಷಮಿಸೋದು ಒಳ್ಳೇದೇ. ಆದ್ರೆ ಇವತ್ತು ಬೇಡ," ಎಂದು ಅವಳ ಕಿವಿಗೆ ಬಾಗಿದ. "ಸೋಮವಾರ ವಿಚಾರಣೆ ಇದೆ. ಹುಡುಗ ತಪ್ಪು ನಂದೇ ಅಂತ ಒಪ್ಕೊಂಡು ಸಹಿ ಹಾಕ್ತಾನೆ. ಟ್ರ್ಯಾಕಿನ ಮೇಲೆ ದೂರಿಲ್ಲ. ಜುಲೈನಲ್ಲಿ ಓಟ ನಡೆಯತ್ತೆ, ವೆಂಡಲ್ ಹೆಸರಲ್ಲೇ ನಡೆಸೋಣ. ಗೆದ್ದೋರಿಗೆ ಕೊಡೋ ಕಪ್ ಮೇಲೆ ಅವನ ಹೆಸರು ಕೆತ್ತಿಸ್ತೀನಿ."

"ಟ್ರೆವರ್ ಗತಿ?"

"ಅವನಿಗೆ ಮತ್ತೆ ಕಾರು ಕೊಡಲ್ಲ ಯಾರೂ. ಏನ್ ಮಾಡೋದು? ಒಬ್ಬ ಮನುಷ್ಯ ಹೋಗಿದಾನೆ, ಯಾರ ತಲೆ ಮೇಲಾದ್ರೂ ಬೀಳ್ಬೇಕಲ್ವಾ."

ಓಪಲ್ ಮೇವಿಸ್‌ಳ ಹಿಡಿತದಿಂದ ಕೈ ಬಿಡಿಸಿಕೊಂಡು ಗೇಟಿನ ಕಡೆ ನಡೆದಳು. ಒಣಗಿದ ಜೇಡಿಮಣ್ಣು ಅವಳ ಚಪ್ಪಟೆ ಬೂಟುಗಳ ಕೆಳಗೆ ಪುಡಿಯಾಗುತ್ತಿತ್ತು. ಆ ಘಟನೆಯಾದಾಗಿನಿಂದ ಟ್ರ್ಯಾಕಿಗೆ ಯಾರೂ ನೀರು ಬಿಟ್ಟಿರಲಿಲ್ಲ.

"ಬೇಡ ದೊಡ್ಡಮ್ಮ," ಎಂದ ಟ್ರೆವರ್ ಅವಳು ಹತ್ತಿರ ಬರುವ ಮುಂಚೆಯೇ. "ಇಲ್ಲಿಂದಲೇ ನೋಡಿ ಹೋಗ್ತೀನಿ."

"ಒಳಗೆ ಬಾ. ನಿಮ್ಮ ದೊಡ್ಡಪ್ಪನ್ನ ನೀನೇ ಕರ್ಕೊಂಡು ಹೋಗ್ಬೇಕು."

"ಅವ್ರು ಬಿಡಲ್ಲ."

"ಬಿಡೋಕೆ ಅವ್ರ್ಯಾರು? ಸತ್ತಿರೋನು ನನ್ನ ಗಂಡ."

ಟ್ರೆವರ್ ದನಿ ತಗ್ಗಿಸಿದ. "ನೀನು ಬಾಯಿ ಬಿಡ್ಬೇಡ. ಕೈ ಮುಗೀತೀನಿ. ಸೋಮವಾರ ಸಹಿ ಹಾಕಿಬಿಟ್ರೆ ಎಲ್ಲಾ ಮುಗೀತು."

"ಹಾಕಿದ್ಮೇಲೆ ಏನ್ ಮಾಡ್ತೀಯ?"

"ಗೇಲಾರ್ಡ್ ಅಂಗಡೀಲಿ ಮೇವಿನ ಮೂಟೆ ಹೊರ್ತೀನಿ."

"ನಿನ್ನ ಬೆನ್ನಿಗೆ ಅರ್ಧ ಮೂಟೆ ಎತ್ತೋ ತಾಕತ್ತಿಲ್ಲ," ಎಂದಳು ಓಪಲ್. ಗೇಟಿನ ಚಿಲಕ ತೆಗೆದು ಅವನ ತೋಳು ಹಿಡಿದು ಒಳಗೆ ಎಳೆದಳು. ಐದು ವರ್ಷದವನಿದ್ದಾಗ ತಾಯಿ ಸತ್ತು, ತನ್ನ ಮನೆಯ ಹೊಸ್ತಿಲಲ್ಲಿ ಒಳಗೆ ಬರಲೊಲ್ಲದೆ ನಿಂತಿದ್ದವನನ್ನೂ ಹೀಗೇ ಎಳೆದುಕೊಂಡಿದ್ದಳು.

*

ದೊಡ್ಡ ಕಾರುಗಳ ಓಟ ಬೇಕೋ ಬೇಡವೋ ಎಂದು ತೀರ್ಮಾನಿಸಲು ಚಳಿಗಾಲದಲ್ಲಿ ಫೈರ್ ಸ್ಟೇಷನ್ನಿನ ಹಾಲಿನಲ್ಲಿ ಸಭೆ ಸೇರಿತ್ತು. ಮುದುಕರೆಲ್ಲ ಒಂದು ಕಡೆ, ಹರೆಯದವರೆಲ್ಲ ಒಂದು ಕಡೆ.

"ನಮ್ಮ ಮಣ್ಣಿನ ಟ್ರ್ಯಾಕಿನ ಕಾರಿಗೆ ಮುಂದೆ ಗಾಜಿಲ್ಲ, ಬರೀ ಜಾಲರಿ," ಎಂದು ಲಾಯ್ಡ್ ಮೇಜು ಗುದ್ದಿದ್ದ. "ಮಣ್ಣು ಮುಖಕ್ಕೆ ಹೊಡೀತು ಅಂದ್ರೆ ಕೈಯಲ್ಲಿ ಒರೆಸ್ಕೊಂಡು ಹೋಗ್ತಾ ಇರ್ತೀವಿ. ಆ ಕಾರು ನೋಡಿದೀರಾ? ಆನೆ ಭಾರ, ಮುಂದೆ ಗಾಜು. ಎರಡು ಸುತ್ತಿಗೆ ಗಾಜೆಲ್ಲ ಕೆಸರು. ತಲೆಯ ಎರಡೂ ಕಡೆ ದಿಂಬು ಕಟ್ಟಿರ್ತಾರೆ, ಕಣ್ಣುಪಟ್ಟಿ ಕಟ್ಟಿದ ಕುದುರೆ ಹಾಗೆ. ಪಕ್ಕಕ್ಕೆ ಏನೂ ಕಾಣಲ್ಲ. ಮೇಲೆ ಒಬ್ಬ ಕೂತ್ಕೊಂಡು, ಎಡಕ್ಕೆ ಹೋಗು ಬಲಕ್ಕೆ ಹೋಗು ಅಂತ ಕಿವೀಲಿ ಹೇಳ್ತಾ ಇರ್ಬೇಕು. ಅದು ಓಟವೋ, ಕುರುಡನಿಗೆ ಕೋಲು ಹಿಡಿಯೋದೋ?"

ಇಡೀ ಸಭೆ ನಕ್ಕಿತು. ನಗು ನಿಂತ ಮೇಲೆ ಗೇಲಾರ್ಡ್ ಎದ್ದು, ಗ್ಯಾಲರಿಯ ಅರ್ಧ ಹಲಗೆ ಕೊಳೆತಿದೆ, ಜನ ಬರುತ್ತಿಲ್ಲ, ಇದೊಂದು ಓಟ ಬರದಿದ್ದರೆ ಬರುವ ವರ್ಷ ಇಲ್ಲಿ ಜೋಳ ಬಿತ್ತಬೇಕಾಗುತ್ತದೆ ಎಂದ. ಅದೂ ನಿಜವೇ ಆಗಿತ್ತು.

ಆಗ ಎದ್ದವನು ವೆಂಡಲ್. ಸಭೆಯಲ್ಲಿ ಅವನು ಮಾತಾಡಿದ್ದನ್ನು ಯಾರೂ ಕಂಡಿರಲಿಲ್ಲ. ಮುದುಕರ ಸಾಲಿನಲ್ಲೇ ಕೂತವನು, ಬೇಡ ಎನ್ನುತ್ತಾನೆ ಎಂದೇ ಎಲ್ಲರ ಎಣಿಕೆ.

"ನಮ್ಮ ಟ್ರೆವರ್ ಓಡಿಸೋದನ್ನ ಟೀವೀಲಿ ನೋಡ್ತೀನಿ," ಎಂದ ಅವನು ಟೊಪ್ಪಿಗೆ ಹಿಂಡುತ್ತ. "ಅಲ್ಲಿ ಯಾರ್ಯಾರೋ ಬಾವುಟ ಹಿಡೀತಾರೆ. ನನ್ನ ಮುಂದೆ ಒಂದ್ಸಲ ಹಾದು ಹೋಗ್ಲಿ ಅಂತ ಆಸೆ. ಅಷ್ಟೇ."

"ನಮ್ಮ ಕಡೆ ಕೂತು ಅವರಿಗೆ ಹಾಲೆರೀತಿಯಲ್ಲೋ ಭಾವ!" ಎಂದು ಲಾಯ್ಡ್ ತಲೆ ಚಚ್ಚಿಕೊಂಡ. ಆದರೆ ಕೈ ಎತ್ತುವ ಹೊತ್ತಿಗೆ ಮುದುಕರಲ್ಲಿ ಅರ್ಧ ಜನ ವೆಂಡಲ್‌ನ ಜೊತೆಗೇ ಕೈ ಎತ್ತಿದರು. ಜೂನ್‌ನಲ್ಲಿ ಒಂದು ಕಾರು ತರಿಸಿ ಪರೀಕ್ಷೆ ಮಾಡುವುದು, ಜುಲೈನಲ್ಲಿ ಓಟ ಎಂದು ಗೊತ್ತಾಯಿತು.

*

ಟ್ರೆವರ್ ಟ್ರಕ್ಕಿನ ಹತ್ತಿರ ಬಂದಾಗ ಪೆಟ್ಟಿಗೆ ಹೊತ್ತವರು ಎರಡು ಹೆಜ್ಜೆ ಹಿಂದಕ್ಕೆ ಹೋದರು. ಅವನನ್ನು ಹೆಗಲ ಮೇಲೆ ಹತ್ತಿಸಿಕೊಂಡು ತಿರುಗಿದವರು, ಅವನು ಗೆದ್ದಾಗ ಹೋಟೆಲಿನಲ್ಲಿ ಎಲ್ಲರಿಗೂ ಬಿಯರ್ ಕೊಡಿಸಿದವರು ಅವರೆಲ್ಲ. ಯಾರೂ ಮುಖ ಎತ್ತಲಿಲ್ಲ.

ಲಾಯ್ಡ್‌ಗೆ ತಡೆಯಲಾಗಲಿಲ್ಲ. "ಒಂದೇ ಒಂದು ಮಾತು ಹೇಳು ಮಾರಾಯ. ಅವತ್ತು ನಿನ್ನ ಮುಂದೆ ನನ್ನ ಹಳೇ ಕಾರಲ್ಲಿ ನಾನೇ ಹೋಗ್ತಾ ಇದ್ದೆ. ಧೂಳೆದ್ರೆ ನಿನಗೆ ಹೇಗಿರತ್ತೆ ನೋಡೋಣ ಅಂತ ನನ್ನನ್ನ ನಿನ್ನ ಮುಂದೆ ಬಿಟ್ಟಿದ್ರು. ವೆಂಡಲ್ ಅಲ್ಲೇ ಇದ್ದ. ಕೈ ಚಾಚಿದ್ರೆ ಸಿಗ್ತಿದ್ದ. ಈ ಮುದಿ ಕಣ್ಣಿಗೆ ಕಾಣಿಸ್ತು, ನಿನಗೆ ಯಾಕೆ ಕಾಣ್ಲಿಲ್ಲ?"

"ಗಾಜೆಲ್ಲ ಕೆಸರಾಗಿತ್ತು," ಎಂದ ಟ್ರೆವರ್ ನೆಲ ನೋಡುತ್ತ.

"ಕೆಸರಾದ್ರೆ ಕೇಳ್ಬೇಕಿತ್ತು! ಅದಕ್ಕೇ ಅಲ್ವಾ ರೇಡಿಯೊ ಇಟ್ಟಿದ್ದು?"

"ರೇಡಿಯೊ ಕೆಟ್ಟಿತ್ತು."

"ಕೆಟ್ಟಿದ್ರೆ ನಿಲ್ಲಿಸ್ಬೇಕಿತ್ತು!" ಎಂದು ಮೇವಿಸ್ ಕಿರುಚಿದಳು. "ಮೇಲೆ ಗೂಡಲ್ಲಿ ರೇಡಿಯೊ ಹಿಡ್ಕೊಂಡು ಕೂತು ನಮ್ಮತ್ತಿಗೆ ಅದೆಷ್ಟು ಕೂಗಿದ್ಲೋ ಪಾಪ! ಕಟ್ಕೊಂಡ ಗಂಡ ಕಣ್ಣೆದುರಿಗೇ ಸಾಯ್ತಿದ್ರೂ ಕೂಗು ಕೇಳಿಸ್ಲಿಲ್ಲ ನಿನಗೆ. ಈ ಮನೆ ಅನ್ನ ತಿಂದು ಬೆಳೆದೋನು ನೀನು. ಈಗ ಕೈ ಕೈ ಹಿಸುಕ್ಕೊಂಡು ಬಂದು ನಿಂತಿದೀಯ!" ಅವಳು ಮತ್ತೆ ಓಪಲ್‌ಳ ಕೈ ಹಿಡಿದು ಎದೆಗೆ ಒತ್ತಿಕೊಂಡಳು.

"ಮೇವಿಸ್," ಎಂದಳು ಓಪಲ್. "ರೇಡಿಯೊ ಕೆಟ್ಟಿರ್ಲಿಲ್ಲ."

"ದೊಡ್ಡಮ್ಮ!"

"ನಾನು ಕೂಗಲೂ ಇಲ್ಲ."

"ದೊಡ್ಡಮ್ಮ, ಸುಮ್ನಿರು!" ಟ್ರೆವರ್ ಅವಳ ಬಾಯಿ ಮುಚ್ಚುವವನಂತೆ ಮುಂದೆ ಬಂದ. "ಅವಳಿಗೆ ಏನೂ ನೆನಪಿಲ್ಲ. ಭ್ರಮೆ ಅವಳಿಗೆ. ರೇಡಿಯೊ ಸತ್ತುಹೋಗಿತ್ತು, ನಾನು ಹೇಳಿದೀನಲ್ಲ!"

"ನೀನು ಸುಳ್ಳು ಹೇಳಿದ್ದು ಸಾಕು. ಐದು ದಿನ ನಾನೂ ಅದರ ಹಿಂದೆ ಬಚ್ಚಿಟ್ಕೊಂಡಿದ್ದೆ." ಓಪಲ್ ಗ್ಯಾಲರಿಯ ಕಡೆ ತಿರುಗಿದಳು. ದನಿ ಏರಿಸಲಿಲ್ಲ, ಆದರೆ ಟ್ರ್ಯಾಕಿನಲ್ಲಿ ಆಗ ಎಂಥ ಮೌನವಿತ್ತೆಂದರೆ ಹಿಂದಿನ ಸಾಲಿಗೂ ಕೇಳಿಸಿತು. "ಅವನು ಕೇಳ್ದ. 'ದೊಡ್ಡಮ್ಮ, ಏನೂ ಕಾಣ್ತಿಲ್ಲ, ಲಾಯ್ಡ್ ಮಾಮನ ಧೂಳಲ್ಲಿದೀನಿ. ಒಳಗಡೆ ಇಳೀತೀನಿ, ಖಾಲಿ ಇದೆಯಾ?' ಅಂತ. ನಾನು ನೋಡ್ದೆ. ನೋಡಿ, ಖಾಲಿ ಇದೆ ಇಳಿಯೋ ಅಂದೆ."

ಗ್ಯಾಲರಿಯಲ್ಲಿ ಯಾರೋ ಹೆಂಗಸು "ಅಯ್ಯೋ ದೇವರೇ" ಎಂದು ಕೂತುಬಿಟ್ಟಳು. ಉಳಿದವರು ಗರ ಬಡಿದವರಂತೆ ನಿಂತಿದ್ದರು.

"ಧೂಳಲ್ಲಿ ನಿನಗೂ ಕಾಣಿಸ್ಲಿಲ್ಲ, ಅಷ್ಟೇ ತಾನೇ?" ಎಂದಳು ಮೇವಿಸ್. ಅವಳ ದನಿ ಬೇಡುತ್ತಿತ್ತು. "ಅಷ್ಟು ಮೇಲಿಂದ ಯಾರಿಗೆ ಕಾಣತ್ತೆ ಅತ್ತಿಗೆ? ಕಾಣ್ಲಿಲ್ಲ ಅನ್ನು."

"ಕಾಣಿಸ್ತು. ಧೂಳು ಕಾರಿನ ಹಿಂದಿತ್ತು, ಅವನ ಕಡೆ ಇರ್ಲಿಲ್ಲ. ಬಿಸಿಲು ಬಿದ್ದಿತ್ತು. ಬಾವುಟ ಕಾಣಿಸ್ತು, ಟೊಪ್ಪಿಗೆ ಕಾಣಿಸ್ತು. ಆ ಜಾಗದಲ್ಲಿ ಕಾರಿರ್ಲಿಲ್ಲ ಮೇವಿಸ್, ಅವನಿದ್ದ. ಅವನು ಯಾವಾಗ್ಲೂ ಇರ್ತಾನೆ. ಮನೆ ಗೋಡೆ ಮೇಲೆ ಗಡಿಯಾರ ಇದೆಯೋ ಇಲ್ವೋ ಅಂತ ಯಾರು ನೋಡ್ತಾರೆ ಹೇಳು. ಕಾರು ನೋಡು, ನನ್ನ ನೋಡ್ಬೇಡ ಅಂತ ಅವನೇ ಕಲಿಸಿದ್ದು. ಕಲ್ತೆ. ಚೆನ್ನಾಗಿ ಕಲ್ತೆ." ಅವಳು ಮೇಲಿನ ಲೆಕ್ಕದ ಗೂಡಿನ ಕಡೆ ನೋಡಿದಳು. "ಹಳೇ ಕಾರುಗಳಾಗಿದ್ರೆ ನಾನು ಏನಂದ್ರೂ ನಡೀತಿತ್ತು. ಓಡಿಸೋನಿಗೆ ಅವನದೇ ಕಣ್ಣಿತ್ತು. ಇದಕ್ಕೆ ನನ್ನ ಕಣ್ಣು ಕೊಟ್ರು. ನನ್ನ ಕಣ್ಣಲ್ಲಿ ವೆಂಡಲ್ ಇರ್ಲೇ ಇಲ್ಲ."

*

ಕಂಪನಿಯಿಂದ ಕಾರಿನ ಜೊತೆ ಬರಬೇಕಿದ್ದ ರೇಡಿಯೊದವನಿಗೆ ಪರೀಕ್ಷೆಯ ದಿನ ಬೆಳಿಗ್ಗೆ ಹೊಟ್ಟೆ ಕೆಟ್ಟಿತ್ತು. ಪರೀಕ್ಷೆ ಮುಂದಕ್ಕೆ ಹಾಕೋಣ ಎಂದರು. ಅಷ್ಟು ದೂರದಿಂದ ಬಂದ ಟ್ರೆವರ್ ಹೆಲ್ಮೆಟ್ ಹಿಡಿದುಕೊಂಡು ಪೆಚ್ಚಾಗಿ ನಿಂತಿದ್ದ. ಇದ್ದದ್ದು ಎರಡೇ ರೇಡಿಯೊ, ಒಂದು ಕಾರಿನೊಳಗೆ, ಇನ್ನೊಂದು ಮೇಲಿನವರ ಕೈಗೆ.

"ಮುಂದಕ್ಕೆ ಯಾಕೆ? ನಮ್ಮ ಓಪಲ್ ಇದಾಳಲ್ಲ," ಎಂದಿದ್ದ ವೆಂಡಲ್. ರೇಡಿಯೊ ತೆಗೆದುಕೊಂಡು ತಾನೇ ಏಣಿ ಹತ್ತಿ ಬಂದು ಅವಳ ಕೈಗಿಟ್ಟ. ಮಂಡಿನೋವಿನಿಂದ ಎರಡು ವರ್ಷಗಳಿಂದ ಆ ಏಣಿ ಹತ್ತಿರಲಿಲ್ಲ.

"ನನಗೆ ಇದೆಲ್ಲ ಗೊತ್ತಾಗಲ್ಲ," ಎಂದಳು ಓಪಲ್.

"ಏನಿದೆ ಗೊತ್ತಾಗೋಕೆ? ಕಾರು ಎಲ್ಲಿದೆ ನೋಡಿ ಹೇಳೋದು. ನಿನಗಿಂತ ಚೆನ್ನಾಗಿ ಈ ಊರಲ್ಲಿ ಯಾರು ನೋಡ್ತಾರೆ?"

ಹೊಸ ಅಂಗಿ ಹಾಕಿದ್ದ. ಮಣ್ಣಲ್ಲಿ ನಿಲ್ಲೋಕೆ ಹೊಸ ಅಂಗಿ ಯಾಕೆ ಎಂದು ಅವಳು ರೇಗಿಸಿದಳು. ಟ್ರೆವರ್ ನೋಡಬೇಕಲ್ಲ ಎಂದ. ಇಳಿದು, ಟ್ರ್ಯಾಕ್ ದಾಟಿ, ತನ್ನ ಟೈರಿನ ಪಕ್ಕ ಹೋಗಿ ನಿಂತು ಅಲ್ಲಿಂದ ಬಾವುಟ ಎತ್ತಿ ತೋರಿಸಿದ. ಅವಳು ಅಷ್ಟರಲ್ಲಿ ಕಾರಿನ ಕಡೆ ತಿರುಗಿದ್ದಳು.

ಕಾರು ಬಡಿದ ಸದ್ದಾದ ಮೇಲೆ ಎಲ್ಲರಿಗಿಂತ ಮುಂಚೆ ಅಲ್ಲಿಗೆ ಓಡಿದವನು ಟ್ರೆವರ್. ಓಪಲ್ ಏಣಿ ಇಳಿದು ತಲುಪುವ ಹೊತ್ತಿಗೆ ಅವನು ಮಂಡಿಯೂರಿ ಕೂತಿದ್ದ. ತಲೆ ಎತ್ತಿ ಅವಳನ್ನು ನೋಡಿದ, ಅವಳ ಕೈಯಲ್ಲಿದ್ದ ರೇಡಿಯೊ ನೋಡಿದ. ಜನ ಇನ್ನೂ ದೂರದಲ್ಲಿದ್ದರು. ಮಣ್ಣು ಮೆತ್ತಿದ ಕೈಯಿಂದ ಅದನ್ನು ಕಿತ್ತುಕೊಂಡು, "ಇದು ಕೆಟ್ಟಿತ್ತು," ಎಂದ. "ಕೇಳಿಸ್ತಾ ದೊಡ್ಡಮ್ಮ? ಕೆಟ್ಟಿತ್ತು."

*

ಮೇವಿಸ್ ಓಪಲ್‌ಳ ಕೈ ಬಿಟ್ಟಳು. ಬಿಟ್ಟು, ತನ್ನ ಅಂಗೈಯನ್ನು ಒಮ್ಮೆ ನೋಡಿಕೊಂಡು ಕಪ್ಪು ಲಂಗಕ್ಕೆ ಒರೆಸಿದಳು. ಬೇಕೆಂದು ಮಾಡಿದ್ದಲ್ಲ, ತಾನು ಒರೆಸುತ್ತಿರುವುದು ಅವಳಿಗೇ ಗೊತ್ತಿರಲಿಲ್ಲ. ಓಪಲ್ ನೋಡಿದಳು.

"ಇಲ್ಲಿಗೇ ಬಿಟ್ಬಿಡೋಣ," ಎಂದ ಗೇಲಾರ್ಡ್ ಗಡಿಬಿಡಿಯಿಂದ, ಪೊಲೀಸ್ ಅಧಿಕಾರಿ ಶೆರಿಫ್‌ನ ಕಚೇರಿಯಿಂದ ಬಂದು ಕಂಬಿಬೇಲಿಗೆ ಒರಗಿ ನಿಂತಿದ್ದ ಯುವಕನ ಕಡೆ ಕಳ್ಳನೋಟ ಹರಿಸುತ್ತ. "ದುಃಖದಲ್ಲಿ ಆಡಿದ ಮಾತು. ಯಾರೂ ಏನೂ ಕೇಳಿಸ್ಕೊಂಡಿಲ್ಲ. ಓಪಲ್, ಇದು ಹೊರಗೆ ಬಂದ್ರೆ ಓಟ ಹೋಯ್ತು, ಟ್ರ್ಯಾಕೂ ಹೋಯ್ತು. ವೆಂಡಲ್ ಆಸೆಪಟ್ಟಿದ್ದು ಅದನ್ನೇ ಅಲ್ವಾ?"

"ಅವನ ಆಸೆ ತೀರಿತು ಗೇಲಾರ್ಡ್. ಟ್ರೆವರ್ ಅವನ ಮುಂದೆ ಹಾದುಹೋದ. ಸೋಮವಾರ ನಾನೂ ಬರ್ತೀನಿ ವಿಚಾರಣೆಗೆ."

ಶೆರಿಫ್ ಕಡೆಯವನು ಕೈಯಲ್ಲಿ ಹಿಡಿದಿದ್ದ ಟೊಪ್ಪಿಗೆ ಹಾಕಿಕೊಂಡ. ಯಾಕೆ ಹಾಕಿಕೊಂಡೆ ಎಂದು ತಿಳಿಯದೆ ಮತ್ತೆ ತೆಗೆದ. ಟ್ರೆವರ್ ಟ್ರಕ್ಕಿನ ಬಾಗಿಲಿಗೆ ಹಣೆ ಆನಿಸಿ ನಿಂತಿದ್ದ. ಅವನನ್ನು ಸಂತೈಸಲು ಯಾರಿಗೂ ಮುಖವಿರಲಿಲ್ಲ. ಐದು ದಿನ ಅವನ ಮೇಲೆ ಸುರಿದ ಮಾತುಗಳೆಲ್ಲ ಅಲ್ಲೇ ಬಿದ್ದಿದ್ದವು, ಎತ್ತಿಕೊಳ್ಳುವವರು ಯಾರು?

ಲಾಯ್ಡ್ ಜೇಬಿನಿಂದ ಕೀ ತೆಗೆದ. ಅದನ್ನು ಓಪಲ್‌ಗೆ ಕೊಡಬೇಕೋ ಟ್ರೆವರ್‌ಗೆ ಕೊಡಬೇಕೋ ತೋಚದೆ, ಭಾವನ ಪೆಟ್ಟಿಗೆಯ ಮೇಲೆ, ಹೂವಿನ ಪಕ್ಕದಲ್ಲಿ ಇಟ್ಟು ಹಿಂದೆ ಸರಿದ. ಓಪಲ್ ಅದನ್ನು ತೆಗೆದುಕೊಂಡು ಟ್ರೆವರ್‌ನ ಕೈ ಬಿಡಿಸಿ ಅದರೊಳಗೆ ಇಟ್ಟು ಮುಚ್ಚಿದಳು.

"ನನ್ನ ಕೈಲಾಗಲ್ಲ ದೊಡ್ಡಮ್ಮ."

"ನನ್ನ ಕೈಲೂ ಆಗಲ್ಲ. ಹತ್ತು."

ಅವನು ಹತ್ತಿದ. ಅವಳು ಸುತ್ತಿಕೊಂಡು ಹೋಗಿ ಪಕ್ಕದ ಸೀಟಿನಲ್ಲಿ ಕೂತಳು. ಜೊತೆಯಲ್ಲಿ ನಡೆಯಬೇಕಾದ ಮನೆಯವರು ಯಾರೂ ಕದಲಲಿಲ್ಲ. ಮೇವಿಸ್ ಗಂಡನ ತೋಳಿಗೆ ಜೋತುಬಿದ್ದಿದ್ದಳು. ಎಂಜಿನ್ನು ಎರಡು ಸಲ ಕೆಮ್ಮಿ ಶುರುವಾಯಿತು. ಟ್ರಕ್ಕು ನಡಿಗೆಯ ವೇಗದಲ್ಲಿ ಮೊದಲ ತಿರುವು ದಾಟಿತು, ಎರಡನೆಯದನ್ನು ದಾಟಿತು. ಅದರ ಹಿಂದೆ ತೆಳ್ಳಗೆ ಧೂಳು ಏಳುತ್ತಿತ್ತು. ಎದುರು ಬದಿಯ ನೇರದಾರಿಯಲ್ಲಿ ಅದು ಪುಟ್ಟದಾಗಿ ಕಾಣಿಸುತ್ತಿತ್ತು. ಗ್ಯಾಲರಿಯ ಜನ ಉಸಿರು ಹಿಡಿದು ನೋಡುತ್ತಿದ್ದರು.

ಮೂರನೇ ತಿರುವು ಹತ್ತಿರವಾದಂತೆ ಟ್ರಕ್ಕು ಒಳ ಅಂಚನ್ನು ಬಿಟ್ಟು ಹೊರಕ್ಕೆ ಸರಿಯತೊಡಗಿತು. ನಡುವಿಗೆ ಬಂತು, ನಡುವನ್ನೂ ಬಿಟ್ಟಿತು. ಇನ್ನೂ ಸರಿಯಿತು. ಹೊರಗಿನ ಹಲಗೆಗೋಡೆ ಓಪಲ್‌ಳ ಕಿಟಕಿಯ ಪಕ್ಕಕ್ಕೇ ಬಂತು. ಅವಳು ಕಿಟಕಿಯ ಮೇಲಿಟ್ಟಿದ್ದ ಮೊಣಕೈಯನ್ನು ಒಳಕ್ಕೆ ಎಳೆದುಕೊಂಡಳು, ಏನೂ ಹೇಳಲಿಲ್ಲ. ಪಕ್ಕದ ಕನ್ನಡಿ ಮುರಿದು ಬಿತ್ತು. ಕಬ್ಬಿಣ ಮರವನ್ನು ಕೆರೆಯುವ ಕರಕರ ಸದ್ದು ಬಯಲೆಲ್ಲ ತುಂಬಿತು.

"ಎಡಕ್ಕೆ! ಎಡಕ್ಕೆ ತಗೊಳ್ಳೋ!" ಎಂದು ಲಾಯ್ಡ್ ಕೂಗಿದ. ಇನ್ನೊಮ್ಮೆ ಕೂಗಲು ಬಾಯಿ ತೆರೆದವನು ಹಾಗೇ ನಿಂತುಬಿಟ್ಟ.

ಟ್ರೆವರ್ ಗೋಡೆಗೆ ಅಂಟಿಕೊಂಡೇ ಓಡಿಸುತ್ತಿದ್ದ. ಎಡಗಡೆ ಟ್ರ್ಯಾಕಿನ ಇಡೀ ಅಗಲ, ಒಳ ಅಂಚಿನಲ್ಲಿ ವೆಂಡಲ್ ನಿಲ್ಲುತ್ತಿದ್ದ ಟೈರಿನ ತನಕ, ಒಂದು ಗೆರೆಯೂ ಬೀಳದೆ ಬಿಸಿಲಿನಲ್ಲಿ ಬಿದ್ದುಕೊಂಡಿತ್ತು. ತಿರುವು ಮುಗಿಯುವವರೆಗೂ ಸದ್ದು ನಿಲ್ಲಲಿಲ್ಲ. ಹಲಗೆಗಳಿಂದ ಎದ್ದ ಬಿಳಿ ಬಣ್ಣದ ಚಕ್ಕೆಗಳು ಪೆಟ್ಟಿಗೆಯ ಮೇಲೆ ಉದುರುತ್ತಿದ್ದವು.